ಹಳೆಯ ಸೊಗಸಿನ ಲೋಗೊ: ಸಣ್ಣ ವ್ಯಾಪಾರಕ್ಕೆ ಐದು ಹೆಜ್ಜೆ

ನೂರು ವರ್ಷ ದಾಟಿದ ಮೈಸೂರು ಸ್ಯಾಂಡಲ್ ಸೋಪನ್ನು ಇಂದಿಗೂ ದೂರದಿಂದಲೇ ಗುರುತಿಸುತ್ತೇವೆ. ಆನೆಯ ತಲೆ, ಸಿಂಹದ ಮೈ ಇರುವ ಶರಭದ ಲಾಂಛನ, ಮೊಟ್ಟೆಯಾಕಾರದ ಬಿಲ್ಲೆ: ನೆಲದ ಕಲ್ಪನೆಯೊಂದನ್ನು ಆರಿಸಿ ಅದನ್ನೇ ಉಳಿಸಿಕೊಂಡಿದ್ದರ ಫಲವಿದು. ಚಿತ್ರದುರ್ಗದಲ್ಲೋ ಹೊಸದುರ್ಗದಲ್ಲೋ ಕೈಚೀಲ, ಕಿವಿಯೋಲೆ, ಹೇರ್‌ಬ್ಯಾಂಡ್ ಮಾಡಿ ಮಾರುವವರಿಗೂ ಈ ದಾರಿ ತೆರೆದಿದೆ.

ಮೂಲ: ಇಂಟರ್ನೆಟ್ಟಿನ ವಿದೇಶಿ ಹೂಬಳ್ಳಿ ಬೇಡ. ಚಿತ್ರದುರ್ಗದ ಏಳುಸುತ್ತಿನ ಕೋಟೆಯ ಗೋಡೆಸಾಲು, 1907ರಲ್ಲಿ ಪೂರ್ಣಗೊಂಡ ಹಿರಿಯೂರಿನ ವಾಣಿವಿಲಾಸ ಸಾಗರದ ಮಂಟಪ, ಮೊಳಕಾಲ್ಮೂರು ಸೀರೆಯ ಅಂಚು: ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿ, ಕೆಲವೇ ಗೆರೆಗಳಿಗೆ ಇಳಿಸಿ. ಮೂರನ್ನೂ ತುರುಕಿದರೆ ಒಂದೂ ನೆನಪಿನಲ್ಲಿ ನಿಲ್ಲದು.

ಅಕ್ಷರ: ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ; ಚಿಕ್ಕ ಲೇಬಲ್ಲಿನಲ್ಲಿ ಅವೇ ಮೊದಲು ಕಲಸಿಹೋಗುತ್ತವೆ. ಆದ್ದರಿಂದ ಒತ್ತು ಕಡಿಮೆಯಿರುವ ಹೆಸರಿಡಿ. ಊರಿನಲ್ಲಿ ಬೋರ್ಡ್ ಬರೆಯುವ ಕಲಾವಿದರಿದ್ದರೆ ಹೆಸರನ್ನು ಅವರಿಂದಲೇ ಕುಂಚದಲ್ಲಿ ಬರೆಸಿ, ಸ್ಕ್ಯಾನ್ ಮಾಡಿಸಿ. ಹಳೆಯ ಪುಸ್ತಕದ ಅಚ್ಚಿನ ಛಾಯೆ ಬೇಕಿದ್ದರೆ ಉಚಿತವಾಗಿ ಸಿಗುವ ‘ಟಿರೊ ಕನ್ನಡ’ ಫಾಂಟ್ ಇದೆ.

ಬಣ್ಣ: ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಸ್ಕ್ರೀನ್ ಬೇಕು, ಖರ್ಚೂ ಅಷ್ಟೇ ಏರುತ್ತದೆ. ಹಳೆಯ ಲೇಬಲ್ಲುಗಳ ಅಂದವೂ ಬಣ್ಣದ ಮಿತಿಯಲ್ಲೇ ಇತ್ತು. ಕೆಮ್ಮಣ್ಣಿನ ಕೆಂಪು, ಕಡು ಹಸಿರು ಸಾಕು; ಬಿಳಿಯ ಬದಲು ಕೋರಾ ಬಟ್ಟೆಯ ಬಣ್ಣವೇ ಹಿನ್ನೆಲೆಯಾಗಲಿ.

ಪರೀಕ್ಷೆ: ಲೋಗೊವನ್ನು ಒಂದು ಸೆಂಟಿಮೀಟರ್ ಅಗಲಕ್ಕೆ ಕುಗ್ಗಿಸಿ, ಕಪ್ಪು ಬಣ್ಣದಲ್ಲೇ ಮುದ್ರಿಸಿ ನೋಡಿ. ಓದಲು ಬಂದರೆ ಟ್ಯಾಗ್, ಬಟ್ಟೆ ಲೇಬಲ್, ರಬ್ಬರ್ ಸ್ಟ್ಯಾಂಪ್ ಎಲ್ಲಕ್ಕೂ ಒಗ್ಗುತ್ತದೆ. ಮೊದಮೊದಲು ಸ್ಟ್ಯಾಂಪೊಂದನ್ನೇ ಮಾಡಿಸಿ ಕಾಗದದ ಕವರಿನ ಮೇಲೆ ಒತ್ತಿದರೂ ನಡೆಯುತ್ತದೆ.

ಕಾನೂನು: ಗಂಡಭೇರುಂಡವಿರುವ ರಾಜ್ಯ ಲಾಂಛನವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕದ ರಕ್ಷಣೆಯಿದೆ. ಬೇರೆ ಬಟ್ಟೆಗೆ ಆ ಹೆಸರು ಅಂಟಿಸಬೇಡಿ. ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಆಭರಣ 14ನೇ ವರ್ಗಕ್ಕೆ, ಕೈಚೀಲ 18ಕ್ಕೆ, ಕೂದಲ ಅಲಂಕಾರ 26ಕ್ಕೆ ಸೇರುತ್ತದೆ. ಒಬ್ಬರೇ ನಡೆಸುವ ವ್ಯಾಪಾರಕ್ಕೆ ಆನ್‌ಲೈನ್ ಅರ್ಜಿ ಶುಲ್ಕ ವರ್ಗವೊಂದಕ್ಕೆ 4,500 ರೂಪಾಯಿ. ನೋಂದಣಿ 10 ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು.

ನಿನ್ನೆ ತೆರೆದ ಅಂಗಡಿಗೆ ‘1950ರಿಂದ’ ಎಂದು ಬರೆಯಬೇಡಿ. ಅದು ಗಿರಾಕಿಗೆ ಹೇಳುವ ಸುಳ್ಳು. ಆರಂಭಿಸಿದ ನಿಜವಾದ ವರ್ಷವನ್ನೇ ಹಾಕಿ. ಹಬ್ಬಕ್ಕೊಮ್ಮೆ ಲೋಗೊ ಬದಲಿಸದೆ ಕಾಪಾಡಿಕೊಂಡರೆ ಆ ವರ್ಷಕ್ಕೂ ಹಳತಿನ ಗೌರವ ತಾನಾಗಿ ಬರುತ್ತದೆ.