ಗಾಡಿ ಎಲ್ಲಿ ನಿಲ್ಲಿಸಬೇಕು?



ನೊಣವಿನಕೆರೆಯಿಂದ ನಾವು ತಿಪಟೂರಿಗೆ ಹೋಗುತ್ತೇವೆ. ಕೊಬ್ಬರಿ ಮಾರೋಕೆ, ಆಸ್ಪತ್ರೆಗೆ, ಬ್ಯಾಂಕಿಗೆ, ತಾಲ್ಲೂಕು ಕಚೇರಿಗೆ ಹೋಗುತ್ತೇವೆ. ಈಗ ನಮ್ಮ ಹೆಣ್ಣುಮಕ್ಕಳೂ ಸ್ಕೂಟರ್ ಓಡಿಸುತ್ತಾರೆ. ಓಡಿಸುವುದು ಕಲಿತರೆ ಸಾಲದು. ನಿಲ್ಲಿಸುವುದೂ ಕಲಿಯಬೇಕು.

ರಸ್ತೆ ಯಾರದು? ಎಲ್ಲರದು. ಮನೆ ಮುಂದೆ ಇದೆ ಅಂತ ರಸ್ತೆ ನಮ್ಮದಾಗೋಲ್ಲ. ಅಂಗಡಿ ಮುಂದೆ ಇದೆ ಅಂತ ಅಂಗಡಿಯವರದೂ ಆಗೋಲ್ಲ.

ತಿಪಟೂರಿನ ನಡುವೆ ಬೆಂಗಳೂರು-ಹೊನ್ನಾವರ ರಸ್ತೆ ಹೋಗುತ್ತದೆ. ಅದನ್ನೇ ಬಿ.ಎಚ್. ರಸ್ತೆ ಅನ್ನುತ್ತೇವೆ. ಅಲ್ಲಿ ಬಸ್ಸು, ಲಾರಿ, ಆಟೋ ಎಲ್ಲಾ ಓಡಾಡುತ್ತವೆ. ಅಂಥ ಕಡೆ ಫುಟ್‌ಪಾತ್ ಮೇಲೆ ಬೈಕು ನಿಂತರೆ ಏನಾಗುತ್ತೆ? ನಡೆಯುವವರು ರಸ್ತೆಗೆ ಇಳಿಯಬೇಕು. ಕೂಸು ಎತ್ತಿಕೊಂಡ ತಾಯಿ, ಕೋಲು ಹಿಡಿದ ಅಜ್ಜಿ ಲಾರಿಗೆ ಎದುರಾಗಬೇಕು. ಹೆರಿಗೆ ನೋವು ಬಂದ ಹೆಂಗಸು 108ರ ಗಾಡಿಯಲ್ಲಿ ಬರುತ್ತಾಳೆ ಅಂತ ಇಟ್ಟುಕೊಳ್ಳಿ. ಆಸ್ಪತ್ರೆ ಬಾಗಿಲಿಗೆ ಯಾರದೋ ಕಾರು ಅಡ್ಡ ನಿಂತಿದೆ. ಆಗ ಕಳೆಯುವ ಐದು ನಿಮಿಷಕ್ಕೆ ಬೆಲೆ ಕಟ್ಟೋಕಾಗುತ್ತಾ?

ಅದಕ್ಕೇ ಕಾನೂನು ಇದೆ. 1988ರ ಮೋಟಾರು ವಾಹನ ಕಾಯ್ದೆ ಇದೆ. ವಾಹನ ಓಡಿಸುವವರಿಗೆ 2017ರಲ್ಲಿ ಬಂದ ನಿಯಮಗಳೂ ಇವೆ.

ಎಲ್ಲೆಲ್ಲಿ ಗಾಡಿ ನಿಲ್ಲಿಸಬಾರದು?
- ಫುಟ್‌ಪಾತ್ ಮೇಲೆ.
- ಜನ ರಸ್ತೆ ದಾಟುವ ಬಿಳಿ ಪಟ್ಟೆ ಮೇಲೆ.
- ರಸ್ತೆ ಕೂಡುವ ಕಡೆ, ತಿರುವಿನಲ್ಲಿ, ದಿಬ್ಬದ ನೆತ್ತಿಯಲ್ಲಿ.
- ಬಸ್ ನಿಲ್ದಾಣ, ಶಾಲೆ, ಆಸ್ಪತ್ರೆ ಬಾಗಿಲ ಹತ್ತಿರ.
- ನಿಂತ ಗಾಡಿಯ ಪಕ್ಕಕ್ಕೆ ಇನ್ನೊಂದು ಗಾಡಿ.

ಕಾಯಿ ತುಂಬಿದ ಟ್ರ್ಯಾಕ್ಟರನ್ನು ರಾತ್ರಿ ತಿರುವಿನಲ್ಲಿ ಬಿಟ್ಟು ಹೋಗುವುದು ಬಲು ಅಪಾಯ. ಬೈಕಿನವರಿಗೆ ಕತ್ತಲಲ್ಲಿ ಅದು ಕಾಣೋದೇ ಇಲ್ಲ.

ಫಲಕ ನೋಡೋಣ. ನೀಲಿ ಚೌಕದಲ್ಲಿ ಬಿಳಿ ‘ಪಿ’ ಅಕ್ಷರ ಇದ್ದರೆ ಅಲ್ಲಿ ನಿಲ್ಲಿಸಬಹುದು. ನೀಲಿ ದುಂಡು ಫಲಕ, ಕೆಂಪು ಅಂಚು, ಒಂದು ಕೆಂಪು ಅಡ್ಡಗೆರೆ ಇದ್ದರೆ ಗಾಡಿ ಬಿಟ್ಟು ಹೋಗಬಾರದು. ಎರಡು ಗೆರೆ ಕತ್ತರಿಯಂತಿದ್ದರೆ ಒಂದು ಗಳಿಗೆಯೂ ನಿಲ್ಲಬಾರದು. ಕೆಲವು ಊರುಗಳಲ್ಲಿ ‘ಸಮ ದಿನ’, ‘ಬೆಸ ದಿನ’ ಎಂದು ಬರೆದಿರುತ್ತಾರೆ. 2, 4, 6ನೇ ತಾರೀಕು ಸಮ. 1, 3, 5ನೇ ತಾರೀಕು ಬೆಸ. ತಾರೀಕು ನೋಡಿ, ಆ ದಿನದ ಫಲಕ ಇರುವ ಬದಿಗೆ ನಿಲ್ಲಿಸಬೇಕು.

ತಪ್ಪಿದರೆ ದಂಡ ಉಂಟು. 2019ರಲ್ಲಿ ಕಾಯ್ದೆ ತಿದ್ದಿ ದಂಡ ಹೆಚ್ಚಿಸಿದರು. ಸಾಮಾನ್ಯ ತಪ್ಪಿಗೆ ಮೊದಲ ಸಲ 500 ರೂಪಾಯಿವರೆಗೆ. ಮತ್ತೆ ಮಾಡಿದರೆ 1500 ರೂಪಾಯಿವರೆಗೆ. ನಿಷೇಧ ಇರುವ ಕಡೆ ನಿಂತ ಗಾಡಿಯನ್ನು ಪೊಲೀಸರು ಎಳೆಸಿಕೊಂಡು ಹೋಗಬಹುದು. ಎಳೆದ ಖರ್ಚೂ ನಮ್ಮದೇ. ಒಂದು ಮಾತು ಮರೆಯಬೇಡಿ. ದಂಡ ಕಟ್ಟಿದರೆ ರಸೀದಿ ಕೇಳಿ. ಅದರಲ್ಲಿ ಬರೆದ ಮೊತ್ತ ಓದಿ ನೋಡಿ.

ಗಾಡಿ ಇಲ್ಲದವರಿಗೆ ಇದೆಲ್ಲ ಯಾಕೆ ಅನ್ನಬೇಡಿ. ರಸ್ತೆಯಲ್ಲಿ ನಡೆಯುವವರು ನಾವೇ ಅಲ್ವೇ? ಗಾಡಿ ನಿಲ್ಲಿಸುವ ಜಾಗ ಗೊತ್ತು ಮಾಡುವಾಗ ಸ್ಥಳೀಯ ಸಂಸ್ಥೆಯನ್ನೂ ಕೇಳಬೇಕು ಅಂತ ಕಾಯ್ದೆ ಹೇಳುತ್ತದೆ. ಹಳ್ಳಿಯಲ್ಲಿ ಅದು ಗ್ರಾಮ ಪಂಚಾಯಿತಿ, ತಿಪಟೂರಿನಲ್ಲಿ ನಗರಸಭೆ. ಶಾಲೆ ಮುಂದೆ ಗಾಡಿ ನಿಲ್ಲಿಸದಂತೆ ಫಲಕ ಬೇಕೆಂದು ಸಂಘದ ಹೆಂಗಸರು ಸೇರಿ ಗ್ರಾಮಸಭೆಯಲ್ಲಿ ಕೇಳೋಣ. ಅರ್ಜಿಯನ್ನು ನಾವೇ ಬರೆಯೋಣ. ಹೆಬ್ಬೆಟ್ಟು ಒತ್ತೋದು ಬೇಡ, ಸಹಿ ಹಾಕೋಣ.