ಹೊಗೆಯ ಅಳತೆಗೊಂದು ಒರೆಗಲ್ಲು

'ಪ್ರಮಾಣ' ಎಂಬ ಒಂದೇ ಮಾತು ನಮ್ಮ ಭಾಷೆಯಲ್ಲಿ ಹಲವು ಕೆಲಸಗಳನ್ನು ಮಾಡುತ್ತದೆ. ಅಳತೆಗೂ ಅದೇ ಹೆಸರು, ಆಣೆಗೂ ಅದೇ ಹೆಸರು. ತರ್ಕಶಾಸ್ತ್ರದಲ್ಲಿ ನಿಜವಾದ ಅರಿವಿಗೆ ಸಾಧನವಾದುದೂ ಪ್ರಮಾಣವೇ. ಅಳೆದು ಹೇಳಿದ ಮಾತು ನಂಬತಕ್ಕದ್ದಾಗಿರಬೇಕು, ನಂಬಿಕೆಗೆ ಆಧಾರವಿರಬೇಕು ಎಂಬ ಅರಿವು ಈ ಪದದೊಳಗೇ ಇದೆ. ವಾಹನಗಳು ಉಗುಳುವ ಹೊಗೆಯನ್ನೂ ಎಬ್ಬಿಸುವ ಧೂಳನ್ನೂ ಅಳೆಯುವಲ್ಲಿ ಆ ಆಧಾರ ಯಾವುದೆಂಬುದನ್ನು ಇಲ್ಲಿ ವಿಚಾರಿಸೋಣ.

ಯಗಟಿಯಂತಹ ಹೋಬಳಿಯ ಊರಿನ ಅಂಗಡಿಯಲ್ಲೂ ತೂಕದ ಬಟ್ಟಿನ ಮೇಲೆ ಸರ್ಕಾರದ ಮುದ್ರೆ ಇರಬೇಕು. ಮುದ್ರೆ ಹಾಕುವ ಅಧಿಕಾರಿಯ ಬಳಿ ಅದಕ್ಕಿಂತ ನಂಬಿಕೆಯ ಬಟ್ಟು ಇರುತ್ತದೆ. ಅದನ್ನು ಪರೀಕ್ಷಿಸಲು ಮೇಲಿನ ಪ್ರಯೋಗಾಲಯದಲ್ಲಿ ಇನ್ನೊಂದು. ಹೀಗೆ ಏರುತ್ತ ಹೋದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು ತಲುಪುತ್ತೇವೆ. ಹಳಗನ್ನಡ ಪಾಠ ಹೇಳಿದ ನನ್ನಂಥವನಿಗೆ ಇದು ಪರಿಚಿತ ಕ್ರಮ. ಓಲೆಯಿಂದ ಓಲೆಗೆ ಪ್ರತಿ ಮಾಡುವಾಗ ತಪ್ಪು ನುಸುಳುತ್ತದೆ. ಆದುದರಿಂದಲೇ ಸಂಪಾದಕನು ಮೂಲಕ್ಕೆ ಹತ್ತಿರವಾದ ಪ್ರತಿಯನ್ನು ಅರಸುತ್ತಾನೆ.

ಅಕ್ಕಿಯನ್ನು ತೂಗಲು ಬಟ್ಟು ಸಾಕು. ಧೂಳಿನಲ್ಲಿ ಅಡಗಿದ ಸೀಸವನ್ನು ತೂಗುವುದು ಹೇಗೆ? ನಮ್ಮ ದೇಶದಲ್ಲಿ 2009ರಲ್ಲಿ ಗೊತ್ತುಪಡಿಸಿದ ಮಾನದಂಡದಂತೆ, ಒಂದು ಘನಮೀಟರ್ ಗಾಳಿಯಲ್ಲಿ ಸೀಸದ ವಾರ್ಷಿಕ ಸರಾಸರಿ 0.5 ಮೈಕ್ರೋಗ್ರಾಂ ಮೀರಕೂಡದು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಶೋಧಕ ಕಾಗದದ ಮೇಲೆ ಹಿಡಿದ ಧೂಳನ್ನು ಆಮ್ಲದಲ್ಲಿ ಕರಗಿಸಿ ಲೆಕ್ಕ ಹಾಕಬೇಕು. ಧೂಳು ಪೂರ್ತಿ ಕರಗದೆ ಮರಳಿನ ಕಣದಲ್ಲೇ ಸ್ವಲ್ಪ ಸೀಸ ಉಳಿದರೆ, ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ಉತ್ತರ ಕಡಿಮೆಯೇ ಬರುತ್ತದೆ. ಕಡಿಮೆ ಬಂದಿತೆಂಬುದೂ ತಿಳಿಯುವುದಿಲ್ಲ.

ಇದಕ್ಕೆ ಪರಿಹಾರವೇ ನಿರ್ದೇಶಕ ದ್ರವ್ಯ. ನಿಜವಾದ ಧೂಳನ್ನೇ ಸಂಗ್ರಹಿಸಿ, ಜರಡಿಯಾಡಿಸಿ, ಪ್ರತಿ ಸೀಸೆಯಲ್ಲೂ ಒಂದೇ ಗುಣವಿರುವಂತೆ ಕಲಸಿ, ಅನೇಕ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿ, ಇದರಲ್ಲಿ ಇಂಥದು ಇಷ್ಟಿದೆ ಎಂದು ಪ್ರಮಾಣೀಕರಿಸುತ್ತಾರೆ. ಪರೀಕ್ಷಕನು ತನ್ನ ವಿಧಾನದಿಂದ ಆ ಧೂಳನ್ನು ಅಳೆದು, ಬಂದ ಉತ್ತರವನ್ನು ಪತ್ರದೊಡನೆ ಹೋಲಿಸುತ್ತಾನೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ಗಾಳಿಯಿಂದ 1976-77ರಲ್ಲಿ ಹಿಡಿದ ಧೂಳು ಹೀಗೆ ಜಗತ್ತಿನ ಪ್ರಯೋಗಾಲಯಗಳಿಗೆ ಒರೆಗಲ್ಲಾಯಿತು.

ಕಾಲ ಬದಲಾದಂತೆ ಒರೆಗಲ್ಲೂ ಬದಲಾಗಬೇಕು. ಭಾರತದಲ್ಲಿ 2000ದ ಫೆಬ್ರವರಿ 1ರಿಂದ ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತಿತು. ಹೊಗೆಯನ್ನು ಶುದ್ಧಗೊಳಿಸಲು ವಾಹನಗಳಿಗೆ ಜೋಡಿಸಿದ ಪರಿವರ್ತಕಗಳಿಂದ ಪ್ಲಾಟಿನಂ ಮೊದಲಾದ ಲೋಹಗಳು ಸವೆದು ರಸ್ತೆಗೆ ಬೀಳತೊಡಗಿದವು. ಆಸ್ಟ್ರಿಯಾದ ಟಾಂಜೆನ್‌ಬರ್ಗ್ ಸುರಂಗದ ಧೂಳಿನಿಂದ ಯುರೋಪಿನವರು ಇದಕ್ಕೊಂದು ದ್ರವ್ಯ ಸಿದ್ಧಪಡಿಸಿದರು. ಅದರ ಒಂದು ಕಿಲೋಗ್ರಾಮಿನಲ್ಲಿ ಪ್ಲಾಟಿನಂ 81.3 ಮೈಕ್ರೋಗ್ರಾಂ, ಅತ್ತಿತ್ತ 2.5. ಈ 'ಅತ್ತಿತ್ತ'ವನ್ನು ಬರೆದು ಕೊಡುವುದೇ ಪ್ರಾಮಾಣಿಕತೆ. ನಮ್ಮ ರಾಷ್ಟ್ರೀಯ ಭೌತ ಪ್ರಯೋಗಾಲಯವೂ 'ಭಾರತೀಯ ನಿರ್ದೇಶಕ ದ್ರವ್ಯ' ಎಂಬ ಹೆಸರಿನಲ್ಲಿ ಅನೇಕ ದ್ರವ್ಯಗಳನ್ನು ಒದಗಿಸುತ್ತಿದೆ. ಅನಿಲಗಳನ್ನು ಅಳೆಯುವ ಯಂತ್ರಗಳಿಗಾದರೆ, ನಿಖರವಾಗಿ ತೂಗಿ ಬೆರೆಸಿದ ಅನಿಲದ ಸಿಲಿಂಡರೇ ಬಟ್ಟು.

ಆದರೆ ಗಾಳಿಯಲ್ಲಿ ತೇಲುವ ಕಣಗಳನ್ನು ತೇಲುತ್ತಿರುವಂತೆಯೇ ಸೀಸೆಯಲ್ಲಿಡಲು ಬಾರದು. ಸೀಸೆಯ ಧೂಳು ಪರೀಕ್ಷೆಯನ್ನು ತಿದ್ದೀತೇ ಹೊರತು ಸಂಗ್ರಹಣೆಯನ್ನಲ್ಲ. ಗಾಳಿ ಎಳೆಯುವ ಪಂಪು ಹತ್ತರಲ್ಲಿ ಒಂದು ಪಾಲು ಕಡಿಮೆ ಎಳೆದು, ಲೆಕ್ಕ ಮಾತ್ರ ಪೂರ್ತಿಯೆಂದು ಬರೆದರೆ, ಕೊಳೆಯೂ ಅಷ್ಟೇ ಕಡಿಮೆಯೆಂದು ತೋರುತ್ತದೆ. ಪಂಪಿಗೂ ತಕ್ಕಡಿಗೂ ಬೇರೆ ಬೇರೆ ಪರೀಕ್ಷೆ ಬೇಕು. ಇನ್ನೊಂದು ಮಾತು: ಸುರಂಗದ ಧೂಳು ನಮ್ಮ ಕೆಮ್ಮಣ್ಣಿನ ರಸ್ತೆಯ ಧೂಳಿನಂತಲ್ಲ. ಅಳೆಯಬೇಕಾದುದನ್ನು ಹೋಲುವ ದ್ರವ್ಯವೇ ನಂಬಿಕೆಯ ಒರೆಗಲ್ಲು; ನಮ್ಮ ಮಣ್ಣಿನ ದ್ರವ್ಯ ನಮಗೆ ಬೇಕು.

ಇಷ್ಟೆಲ್ಲ ಏಕೆ ಎಂದರೆ, ಇಂದು ಈ ಸಂಖ್ಯೆಗಳು ತೀರ್ಪು ಕೊಡುತ್ತವೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧವಾಯು ಕಾರ್ಯಕ್ರಮದಲ್ಲಿ ನಮ್ಮ ರಾಜ್ಯದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ನಮಗೆ ಸಮೀಪದ ದಾವಣಗೆರೆ ಸೇರಿದವು. ಕೊಳೆಯನ್ನು ಇಂತಿಷ್ಟು ಪಾಲು ತಗ್ಗಿಸಬೇಕೆಂಬುದು ಅದರ ಗುರಿ. ಯಂತ್ರವೇ ಐದರಲ್ಲೊಂದು ಪಾಲು ಕಡಿಮೆ ತೋರಿಸಿದರೆ ಊರು ಕಾಗದದ ಮೇಲೆ ಉದ್ಧಾರವಾಗುತ್ತದೆ. ರಸ್ತೆಯಂಚಿನಲ್ಲಿ ಹೂ ಮಾರುವವಳ ಎದೆಗೆ ಇಳಿಯುವ ಹೊಗೆ ಮೊದಲಿನಷ್ಟೇ ಇರುತ್ತದೆ. ಹೆಚ್ಚು ತೋರಿಸಿದರೆ ಅನ್ಯಾಯದ ದೂರು, ವ್ಯರ್ಥ ಖರ್ಚು.

ಗಾಳಿಯ ಕೊಳೆ ಇಷ್ಟೆಂದು ಪತ್ರಿಕೆಯಲ್ಲಿ ಓದಿದಾಗ, ಅದನ್ನು ಯಾವುದರೊಡನೆ ಒರೆಹಚ್ಚಿ ನೋಡಿದರು, ಅದರ ಅತ್ತಿತ್ತ ಎಷ್ಟು ಎಂದು ಕೇಳುವ ಹಕ್ಕು ಓದುಗರಿಗುಂಟು. ತರಕಾರಿಯವನ ತಕ್ಕಡಿಯ ಮುಳ್ಳನ್ನು ದಿಟ್ಟಿಸಿ ನೋಡುವ ನಾವು ಉಸಿರಿನ ತಕ್ಕಡಿಯನ್ನೂ ಅಷ್ಟೇ ಎಚ್ಚರದಿಂದ ನೋಡಬೇಕು.