ಚಳಿಗಾಲದ ಆರತಕ್ಷತೆಯ ಚಪ್ಪರವೂ ತೆಂಗಿನ ತೋಟದ ಹಿತವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಮದುವೆಯ ಚಪ್ಪರವೆಂದರೆ ತೆಂಗಿನ ಗರಿಯ ಚಪ್ಪರವೇ ಸರಿ. ಕಾರ್ತಿಕಮಾಸದಲ್ಲಿ ತುಳಸೀಪೂಜೆ ಕಳೆದ ಮೇಲೆ ಲಗ್ನಗಳು ಆರಂಭವಾಗಿ, ಧನುರ್ಮಾಸದಲ್ಲಿ ನಿಂತು, ಆ ಬಳಿಕ ಮಾಘದಲ್ಲಿ ಪುನಃ ಮೊದಲಾಗುತ್ತವೆ. ಮುಹೂರ್ತದ ಹಿಂದಿನ ಸಂಜೆ ಆರತಕ್ಷತೆಯನ್ನು ನಡೆಸುವ ರೂಢಿಯು ಈಚೆಗೆ ಹಳ್ಳಿಗಳಲ್ಲಿಯೂ ಹಬ್ಬಿದೆ. ಈ ಒಂದು ಸಂಜೆಯ ಸೊಬಗಿಗಾಗಿ ಫಲ ಕೊಡುತ್ತಿರುವ ಮರಗಳ ಹಸಿ ಗರಿ, ಸುಳಿ, ಹೊಂಬಾಳೆಗಳನ್ನು ಕಡಿಯುವುದುಂಟು. ಇದರಿಂದುಂಟಾಗುವ ನಷ್ಟವು ಮದುವೆಯ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಮುಂದಿನ ವರ್ಷ ಕಾಯಿ ಇಳಿಸುವಾಗ ಕಾಣುತ್ತದೆ. ಮರಕ್ಕೆ ನೋವಾಗದಂತೆ ಚಪ್ಪರವನ್ನು ಅಂದವಾಗಿ ಸಿದ್ಧಪಡಿಸುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಗರಿಯ ಲೆಕ್ಕ

ಆರೋಗ್ಯವಾದ ಎತ್ತರ ಜಾತಿಯ ತೆಂಗಿನ ಮರದ ಮಂಡೆಯಲ್ಲಿ 30ರಿಂದ 40 ಗರಿಗಳಿರುತ್ತವೆ. ವರ್ಷಕ್ಕೆ ಸುಮಾರು 12 ಹೊಸ ಗರಿಗಳು ಹೊರಟು, ಹೆಚ್ಚು ಕಡಮೆ ಅಷ್ಟೇ ಹಳೆಯ ಗರಿಗಳು ಒಣಗಿ ಬೀಳುತ್ತವೆ. ಪ್ರತಿ ಗರಿಯ ಕಂಕುಳಲ್ಲಿ ಒಂದು ಹೊಂಬಾಳೆ ಹುಟ್ಟುವುದು. ಅದು ಅರಳಿದ ಸುಮಾರು 12 ತಿಂಗಳಿಗೆ ಗೊನೆಯ ಕಾಯಿ ಪೂರ್ಣವಾಗಿ ಬಲಿಯುವುದು. ಹಸಿ ಗರಿಯು ಮರಕ್ಕೆ ಆಹಾರವನ್ನು ತಯಾರಿಸುವುದಲ್ಲದೆ ಗೊನೆಯ ಭಾರಕ್ಕೂ ಆಸರೆಯಾಗಿರುತ್ತದೆ. ಆದುದರಿಂದ ಅಲಂಕಾರಕ್ಕಾಗಿ ಒಂದು ಹೊಂಬಾಳೆಯನ್ನು ಕಡಿಯುವುದೆಂದರೆ ಮುಂದಿನ ವರ್ಷದ ಒಂದು ಗೊನೆಯನ್ನು ಕಳೆದುಕೊಳ್ಳುವುದೆಂದೇ ಅರ್ಥ.

ಇದಕ್ಕಿಂತ ದೊಡ್ಡ ಅಪಾಯವು ಇನ್ನೊಂದಿದೆ. ಕೆಂಪು ಮೂತಿ ಹುಳುವು ಹಸಿ ಗಾಯದ ವಾಸನೆಗೆ ಬಂದು ಅಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳುಗಳು ಕಾಂಡದ ಒಳಭಾಗವನ್ನು ಕೊರೆದು ತಿನ್ನುವುದರಿಂದ, ಹೊರಗೆ ಲಕ್ಷಣ ತೋರುವ ವೇಳೆಗೆ ಮರವು ಬಹುಮಟ್ಟಿಗೆ ಕೈಬಿಟ್ಟುಹೋಗಿರುತ್ತದೆ. ಹಸಿ ಗರಿಯನ್ನು ಕಡಿಯಲೇಬೇಕಾದ ಪಕ್ಷದಲ್ಲಿ ಕಾಂಡದ ಬುಡಕ್ಕೆ ಕತ್ತಿ ಹಾಕದೆ, ಸುಮಾರು 4 ಅಡಿ ಮಟ್ಟೆಯನ್ನು ಮರದಲ್ಲಿಯೇ ಉಳಿಸತಕ್ಕದ್ದು. ಗೊನೆ ಇಳಿಸಿಯಾದ ಎಲ್ಲಕ್ಕಿಂತ ಕೆಳಗಿನ ಗರಿಗಳನ್ನು ಮಾತ್ರ ಆರಿಸಬೇಕು. ಸುಳಿಯನ್ನು ಯಾವ ಕಾರಣಕ್ಕೂ ಮುಟ್ಟಲಾಗದು.

ಎರಡು ತಿಂಗಳ ಮುಂಚಿನ ಸಿದ್ಧತೆ

100 ಮರಗಳ ತೋಟದಲ್ಲಿ ತಿಂಗಳಿಗೆ ಸುಮಾರು 100 ಗರಿಗಳು ತಾವಾಗಿಯೇ ಬೀಳುತ್ತವೆ. ಲಗ್ನ ನಿಶ್ಚಯವಾದ ಕೂಡಲೇ ಇವುಗಳನ್ನು ಒಲೆಗೆ ಹಾಕದೆ ಕೂಡಿಡುತ್ತ ಬಂದರೆ ಎರಡು ತಿಂಗಳಲ್ಲಿ 200 ಗರಿಗಳು ಕಾಸಿನ ಖರ್ಚಿಲ್ಲದೆ ಒದಗುತ್ತವೆ. ಒಣಗರಿಯನ್ನು ನೀರಿನಲ್ಲಿ ನೆನೆಸಿ ಹೆಣೆದರೆ ಎಳೆಗಳು ಮುರಿಯುವುದಿಲ್ಲ. ಹೀಗೆ ಹೆಣೆದ ತಡಿಕೆಗಳು ಮೇಲ್ಛಾವಣಿಗೂ ಪಕ್ಕದ ಗೋಡೆಗಳಿಗೂ ಸಾಕು. ಹಸಿ ಗರಿಯು ಬಾಗಿಲ ಎರಡು ಕಡೆಗೆ ಮಾತ್ರ ಬೇಕಾಗುವುದು.

ತಾಂಬೂಲದೊಡನೆ ಉಂಡೆಕೊಬ್ಬರಿ ಕೊಡಬೇಕೆನ್ನುವವರು ಇನ್ನೂ ಮುಂಚೆ ಯೋಚಿಸಬೇಕು. ಬಲಿತ ಕಾಯಿಯು ಅಟ್ಟದ ಮೇಲೆ 8ರಿಂದ 12 ತಿಂಗಳು ಒಣಗಿದರೆ ಮಾತ್ರ ಒಳ್ಳೆಯ ಕೊಬ್ಬರಿಯಾಗುವುದರಿಂದ, ಮಾಘಮಾಸದ ಮದುವೆಗೆ ಹಿಂದಿನ ಚೈತ್ರದೊಳಗೆ ಕಾಯಿಯನ್ನು ಬೇರೆಯಾಗಿ ಎತ್ತಿಡತಕ್ಕದ್ದು.

ಅಲಂಕಾರದ ಕ್ರಮ

ಅಂದವು ವಸ್ತುಗಳ ರಾಶಿಯಲ್ಲಿಲ್ಲ, ಆಯ್ಕೆಯಲ್ಲಿದೆ. ವಧೂವರರ ಆಸನದ ಹಿಂದೆ ಒತ್ತಾಗಿ ಹೆಣೆದ ತಡಿಕೆಯೊಂದನ್ನು ನಿಲ್ಲಿಸಿ, ಅದರ ಮೇಲೆ ಎರಡೇ ಬಣ್ಣದ ಹೂವನ್ನು ಸಾಲಾಗಿ ಕಟ್ಟಿದರೆ ನೋಟಕ್ಕೆ ಗಂಭೀರವಾಗಿರುತ್ತದೆ. ಹಗಲು ಕಿರಿದಾದಾಗ ಅರಳುವ ಸೇವಂತಿಗೆಯು ಈ ಕಾಲಕ್ಕೆ ತಕ್ಕ ಹೂವು. ಮಲ್ಲಿಗೆಯು ಚಳಿಯಲ್ಲಿ ವಿರಳವಾಗಿ ಬೆಲೆ ಏರುವುದರಿಂದ ಕಾಕಡವನ್ನು ಉಪಯೋಗಿಸಬಹುದು. ಹೊಂಬಾಳೆಯ ಬದಲು, ಅರಳಿದ ಮೇಲೆ ಒಣಗಿ ಬಿದ್ದ ಅದರ ದೋಣಿಯಾಕಾರದ ಕವಚವನ್ನು ತೊಳೆದು ಹೂವಿನ ತಟ್ಟೆಯಾಗಿ ಇಡಬಹುದು. ಊಟಕ್ಕೆ ಬಾಳೆಲೆ, ಉಪಾಹಾರಕ್ಕೆ ಉದುರಿದ ಅಡಿಕೆ ಹಾಳೆಯ ತಟ್ಟೆ ಇವು ಶುಚಿಯಾದುವು. ಅವರೆಕಾಯಿಯ ಸುಗ್ಗಿಯೂ ಇದೇ ಕಾಲವಾದುದರಿಂದ ಹಿದಕಿದ ಬೇಳೆಯ ಅಡಿಗೆಯು ದೂರದ ಅತಿಥಿಗಳಿಗೂ ಪ್ರಿಯವಾಗುವುದು.

ಚಳಿ, ಮಂಜು, ಬೆಂಕಿ

ಕತ್ತಲಾದ ಮೇಲೆ ಮಂಜು ಬೀಳುವುದರಿಂದ ಆರತಕ್ಷತೆಯನ್ನು ಹೊತ್ತು ಮುಳುಗುವುದಕ್ಕೆ ಮುಂಚೆಯೇ ಆರಂಭಿಸುವುದು ವೃದ್ಧರಿಗೂ ಮಕ್ಕಳಿಗೂ ಹಿತ. ಈ ಕಾಲದ ಗಾಳಿಯು ಹೆಚ್ಚಾಗಿ ಮೂಡಣದಿಂದ ಬೀಸುವುದರಿಂದ ಆ ಕಡೆ ತಡಿಕೆಯನ್ನು ನೆಲದವರೆಗೆ ಇಳಿಸಿ, ಬಾಗಿಲನ್ನು ಬೇರೆ ದಿಕ್ಕಿಗೆ ಇಡತಕ್ಕದ್ದು. ಒಣಗರಿಗೆ ಬೆಂಕಿ ಬೇಗನೆ ಹತ್ತುವುದು. ಅಡಿಗೆಯ ಒಲೆ, ಬಾಣಬಿರುಸು ಇವುಗಳನ್ನು ಚಪ್ಪರದಿಂದ ದೂರವಿಡಬೇಕು. ಬಿಸಿಯಾಗುವ ಹಳೆಯ ಬಲ್ಬುಗಳಿಗಿಂತ ಎಲ್.ಇ.ಡಿ. ದೀಪಗಳು ಲೇಸಾದರೂ ತಂತಿಯ ಗಂಟುಗಳು ಗರಿಗೆ ತಗಲದಂತೆ ನೋಡಿಕೊಳ್ಳಬೇಕು. ನೀರು ತುಂಬಿದ ಡ್ರಮ್ಮುಗಳನ್ನೂ ಮರಳಿನ ಬಕೀಟುಗಳನ್ನೂ ನಾಲ್ಕು ಮೂಲೆಗಳಲ್ಲಿ ಇರಿಸತಕ್ಕದ್ದು. ವಿದ್ಯುತ್ ತಂತಿಯ ಬೆಂಕಿಗೆ ಮಾತ್ರ ನೀರನ್ನು ಹಾಕದೆ, ಮೊದಲು ವಿದ್ಯುತ್ತನ್ನು ನಿಲ್ಲಿಸಬೇಕು.

ಚಪ್ಪರ ಬಿಚ್ಚಿದ ಮೇಲೆ

ಅನೇಕರು ಮರೆಯುವ ಸಂಗತಿಯು ಇದು. ಕೊಳೆಯುವ ಗರಿ, ಬಾಳೆದಿಂಡು, ಎಂಜಲೆಲೆಗಳ ರಾಶಿಯು ತೋಟದ ಅಂಚಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ, ತೆಂಗಿನ ಸುಳಿಯನ್ನು ಕೊರೆಯುವ ಕೊಂಬಿನ ದುಂಬಿಗೆ ಅದೇ ಹೆರಿಗೆಮನೆಯಾಗುವುದು. ಆದ್ದರಿಂದ ಕಸವನ್ನು ಗೊಬ್ಬರದ ಗುಂಡಿಗೆ ಹಾಕಿ ಆಗಾಗ್ಗೆ ತಿರುವಿಹಾಕುತ್ತ, ಕಂಡ ಬಿಳಿಯ ಗೊಬ್ಬರದ ಹುಳುಗಳನ್ನು ಆರಿಸಿ ಕೊಲ್ಲತಕ್ಕದ್ದು. ಚೊಕ್ಕಟವಾದ ಗರಿಗಳನ್ನು ಮರದ ಪಾತಿಗಳಲ್ಲಿ ಹರಡಿದರೆ ಬೇಸಿಗೆಯಲ್ಲಿ ತೇವವು ಉಳಿಯುವುದು. ಕಪ್ಪು ತಲೆ ಹುಳು ಬಿದ್ದ ತೋಟದಿಂದ ಹಸಿ ಗರಿಯನ್ನು ಬೇರೆ ಊರಿನ ಚಪ್ಪರಕ್ಕೆ ಸಾಗಿಸಿದರೆ ಗರಿಯೊಡನೆ ಹುಳುವನ್ನೂ ಸಾಗಿಸಿದಂತಾಗುವುದು. ಅಂಥ ಗರಿಗಳನ್ನು ಅಲ್ಲಿಯೇ ಸುಡುವುದು ಮೇಲು. ಪ್ಲಾಸ್ಟಿಕ್ ಹೂವು, ಥರ್ಮಾಕೋಲುಗಳು ಮಣ್ಣಿನಲ್ಲಿ ಕರಗುವುವಲ್ಲವಾದ್ದರಿಂದ ಅವನ್ನು ಮೊದಲಿಗೇ ಚಪ್ಪರದೊಳಕ್ಕೆ ತರದಿರುವುದು ವಿಹಿತ.

ಮರದ ರೋಗ, ಕೀಟಗಳ ವಿಷಯದಲ್ಲಿ ಸಂದೇಹವಿದ್ದವರು ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯನ್ನಾಗಲಿ ವಿಚಾರಿಸಬಹುದು. ಈ ಸೀಮೆಯಲ್ಲಿ ಮದುವೆಯ ವೆಚ್ಚವನ್ನು ಬಹುಮಟ್ಟಿಗೆ ತೆಂಗೇ ಹೊರುತ್ತದೆ. ಮಗಳ ಮದುವೆಗೆ ಹಣ ಕೊಟ್ಟ ಮರವು ಮೊಮ್ಮಗಳ ಮದುವೆಗೂ ಕೊಡಬೇಕಾದರೆ, ಚಪ್ಪರ ಹಾಕುವ ದಿನ ಕತ್ತಿ ಹಿಡಿದು ಮರ ಹತ್ತುವವನಿಗೆ ಯಾವ ಗರಿ ಕಡಿಯಬೇಕು, ಯಾವುದು ಕೂಡದೆಂಬುದನ್ನು ಮನೆಯ ಯಜಮಾನನು ಕೆಳಗೆ ನಿಂತು ತಾನೇ ಹೇಳಬೇಕು.